ಲೆಫ್ಟ್ ಬ್ಯಾಕಿನ ಜಾಗ

ಕಟಪಾಡಿ ಪೇಟೆಯಲ್ಲಿ ಮೊಯಿದಿನಬ್ಬ ಬ್ಯಾರಿಯವರ ಕೊಡೆ ಅಂಗಡಿಗೆ ಮೂರು ಮೆಟ್ಟಿಲು. ಎಂಟು ವರ್ಷದ ಹಿಂದೆ ಆ ಮೂರು ಮೆಟ್ಟಿಲು ಹತ್ತಿ ಒಳಗೆ ಹೋದ ಅಳಿಯ ಜಲಾಲ್ ಇನ್ನೂ ಹೊರಗೆ ಬಂದಿಲ್ಲ ಎಂದರೆ ನೀವು ನಗಬಹುದು. ದಿನಾ ಬೆಳಿಗ್ಗೆ ಅವನೇ ಬಾಗಿಲು ತೆಗೆಯುತ್ತಾನೆ, ಮಧ್ಯಾಹ್ನ ಹಿಂದಿನ ಮನೆಗೆ ಊಟಕ್ಕೆ ಹೋಗುತ್ತಾನೆ, ಶುಕ್ರವಾರ ಮಸೀದಿಗೆ ಹೋಗುತ್ತಾನೆ, ಆಗೊಮ್ಮೆ ಈಗೊಮ್ಮೆ ಕಾಪುವಿನಲ್ಲಿರುವ ಉಮ್ಮನನ್ನೂ ನೋಡಿ ಬರುತ್ತಾನೆ. ಆದರೂ ಹೊರಗೆ ಬಂದಿಲ್ಲ. ಅದು ಹೇಗೆ ಎಂದು ಹೇಳುತ್ತೇನೆ, ಸ್ವಲ್ಪ ತಾಳಿ.

1986ರ ಜೂನ್. ಮಳೆ ಹಿಡಿದ ಮೇಲೆ ಕೊಡೆ ಅಂಗಡಿಯವನಿಗೆ ಪುರುಸೊತ್ತು ಎಲ್ಲಿಂದ ಬರಬೇಕು? ಮುರಿದ ಕಡ್ಡಿ, ಹರಿದ ಬಟ್ಟೆ, ಕಳಚಿದ ಹಿಡಿ, ಎಲ್ಲ ಜಲಾಲನ ಸುತ್ತ ರಾಶಿ ಬಿದ್ದಿರುತ್ತಿದ್ದವು. ಆದರೆ ಸಂಜೆ ನಾಲ್ಕು ಹೊಡೆಯಿತೆಂದರೆ ಮೇಜಿನ ಒಂದು ಮೂಲೆ ಖಾಲಿಯಾಗಲೇಬೇಕು. ಅಲ್ಲಿ ಮೊಯಿದಿನಬ್ಬ ಬ್ಯಾರಿಯವರು ಕೊಡೆಯ ಕಡ್ಡಿಯ ತುದಿಗೆ ಹಾಕುವ ಪುಟ್ಟ ತಗಡಿನ ಟೊಪ್ಪಿಗಳನ್ನು ಒಂದೊಂದಾಗಿ ನಿಲ್ಲಿಸುತ್ತಿದ್ದರು. ಹನ್ನೊಂದು ಟೊಪ್ಪಿ, ಹನ್ನೊಂದು ಆಟಗಾರರು. ಕಾಪು, ಉಡುಪಿ, ಕಾರ್ಕಳ ಕಡೆಯಲ್ಲಿ ಇಂದಿನವರೆಗೆ ಫುಟ್‌ಬಾಲ್ ಆಡಿದವರಲ್ಲೆಲ್ಲ ಶ್ರೇಷ್ಠರಾದ ಹನ್ನೊಂದು ಮಂದಿ.

ಕಾಪುವಿನ ಲೈಟ್‌ಹೌಸ್ ಬಾಯ್ಸ್ ಕ್ಲಬ್ಬಿಗೆ ಆ ವರ್ಷ ಬೆಳ್ಳಿಹಬ್ಬ. ಆಗಸ್ಟಿನಲ್ಲಿ ಸ್ಮರಣ ಸಂಚಿಕೆ ಬರುತ್ತದೆ, ಅದರ ನಡುಪುಟದಲ್ಲಿ ಈ ಸಾರ್ವಕಾಲಿಕ ತಂಡವನ್ನು ಅಚ್ಚು ಹಾಕಬೇಕು ಎಂದು ತೀರ್ಮಾನವಾಗಿತ್ತು. ಆಯ್ಕೆಗೆ ಮೂವರು. ಕ್ಲಬ್ಬಿನ ಅಧ್ಯಕ್ಷರು ಮೊಯಿದಿನಬ್ಬ ಬ್ಯಾರಿಯವರು. ಹಿಂದೆ ತಂಡಕ್ಕೆ ಆಟ ಕಲಿಸಿದ ರೇಮಂಡ್ ಮಾಸ್ಟ್ರು. ಕಾರ್ಕಳದ ಶಾಲೆಯಲ್ಲಿ ಡ್ರಿಲ್ ಮಾಸ್ಟರಾಗಿ ನಿವೃತ್ತರಾದವರು. ಮತ್ತೆ ಮೀನಿನ ವ್ಯಾಪಾರದ ಧರ್ಮಪಾಲ. ಒಂದು ಕಾಲಕ್ಕೆ ತಂಡದ ಕ್ಯಾಪ್ಟನ್, ಎದೆ ಕೊಟ್ಟು ಚೆಂಡು ತಡೆಯುತ್ತಿದ್ದ ಆಳು. ಅಕ್ಷರ ದುಂಡಗಿದೆ ಎಂದು ಬರೆಯುವ ಕೆಲಸ ಜಲಾಲನಿಗೆ. ಬರೆಯುವುದೂ ಅವನೇ, ಆ ತಂಡದ ಸೆಂಟರ್ ಫಾರ್ವರ್ಡೂ ಅವನೇ.

ಮೂರು ವಾರವಾದರೂ ತಂಡ ಮುಗಿದಿರಲಿಲ್ಲ. ಮುಗಿಯಬೇಕೆಂಬ ಆತುರ ಆ ಮೂವರಿಗೆ ಇದ್ದ ಹಾಗೂ ಕಾಣಲಿಲ್ಲ.

"ಹಳಬರು ಬರಿಗಾಲಲ್ಲಿ ಆಡಿದವರು," ಎಂದು ಧರ್ಮಪಾಲ ಶುರು ಮಾಡುತ್ತಿದ್ದ. "ಅವರನ್ನು ಬೂಟಿನವರ ಮಧ್ಯೆ ಬಿಟ್ಟರೆ ಹೆಬ್ಬೆರಳು ಉಳಿಯುವುದುಂಟಾ?"

"ಇದು ಮನಸ್ಸಿನ ಮೈದಾನ ಮಾರಾಯ," ಎನ್ನುತ್ತಿದ್ದರು ರೇಮಂಡ್ ಮಾಸ್ಟ್ರು. "ಇಲ್ಲಿ ಎಲ್ಲರಿಗೂ ಅವರವರ ಒಳ್ಳೆಯ ದಿನದ ಕಾಲು. ಸತ್ತವನಿಗೂ ಅದೇ, ಕುಂಟನಿಗೂ ಅದೇ."

"ಮೈದಾನ ಒಣಗಿದ್ದೋ, ಕೆಸರೋ?"

"ಕೆಸರು," ಎಂದು ಬ್ಯಾರಿಯವರು ತೀರ್ಪು ಕೊಟ್ಟರು. "ಜುಲೈ ತಿಂಗಳು. ನಮ್ಮವರ ಆಟ ನೋಡಬೇಕಾದ್ದು ಮಳೆಯಲ್ಲಿ."

ಗೋಲು ಕಾಯುವ ಗೋಲಿ ಯಾರು ಎಂಬುದಕ್ಕೆ ಜಗಳವಿರಲಿಲ್ಲ. ಕಾಪುವಿನ ಕುಂಞಿ ಮೊಹಮ್ಮದ್, ಬಲೆ ಬೀಸಿ ಬೀಸಿ ಕೈ ಉದ್ದವಾದವನು. ಜಗಳವೆಲ್ಲ ಉಳಿದ ಹತ್ತರ ಮೇಲೆ. ಧರ್ಮಪಾಲನಿಗೆ ಹಿಂದಿನ ಕಾಲದ ಹಾಗೆ ಮುಂದೆ ಐದು ಜನ ಬೇಕು. ಎಂಟು ಗೋಲು ತಿಂದರೂ ಚಿಂತಿಲ್ಲ, ನಾವು ಹತ್ತು ಹಾಕಿದರಾಯಿತು ಎಂಬುದು ಅವನ ಲೆಕ್ಕ. ಮಾಸ್ಟ್ರಿಗೆ ಹಿಂದೆ ನಾಲ್ಕು ಜನ ಬೇಕು, ಆ ನಾಲ್ವರಲ್ಲಿ ಒಬ್ಬ ಎಲ್ಲರಿಗಿಂತ ಹಿಂದೆ ನಿಂತು ಬೇರೆಯವರ ತಪ್ಪು ಸರಿಪಡಿಸುತ್ತಿರಬೇಕು. ಅವರು ಟೊಪ್ಪಿಗಳನ್ನು ಹಿಂದಕ್ಕೆ ಎಳೆಯುವುದು, ಧರ್ಮಪಾಲ ಮುಂದಕ್ಕೆ ದೂಡುವುದು. ಕೊಡೆ ರಿಪೇರಿಗೆ ಬಂದವರು ನೆನೆದುಕೊಂಡು ಕಾಯುವುದು.

ಒಂದು ಟೊಪ್ಪಿ ಮಾತ್ರ ಯಾವ ಹೆಸರೂ ಇಲ್ಲದೆ ಎಡಗಡೆ ಹಿಂದೆ ನಿಂತಿರುತ್ತಿತ್ತು.

"ನಮ್ಮ ಕಡೆ ಲೆಫ್ಟ್ ಬ್ಯಾಕ್ ಹುಟ್ಟಲೇ ಇಲ್ಲ," ಎಂದ ಧರ್ಮಪಾಲ.

"ಹುಟ್ಟಿದ್ದ ಒಬ್ಬ," ಎಂದರು ಮಾಸ್ಟ್ರು. "ಎಪ್ಪತ್ತಾರು, ಎಪ್ಪತ್ತೇಳರಲ್ಲಿ. ಎದುರಿನವನ ಸೊಂಟ ಯಾವ ಕಡೆ ವಾಲ್ತದೆ ಅಂತ ನೋಡಿಯೇ ಚೆಂಡು ಎಲ್ಲಿಗೆ ಬರ್ತದೆ ಅಂತ ಹೇಳ್ತಿದ್ದ. ಇಲ್ಲೇ ಕೂತು ಬರೀತಿದ್ದಾನಲ್ಲ, ಇವನೇ. ಮತ್ತೆ ಇವ ದೊಡ್ಡ ಗೋಲ್ಗಾರ ಆದ."

ಮೂವರೂ ನಕ್ಕರು. ಜಲಾಲ್ ತಲೆ ತಗ್ಗಿಸಿ ಸೂಜಿಗೆ ನೂಲು ಪೋಣಿಸಿದ. ಅವನಿಗೆ ಆ ಹೆಸರು ತಂದದ್ದು ಎಂಟು ವರ್ಷದ ಹಿಂದಿನ ಒಂದೇ ಒಂದು ಗೋಲು. ಆ ಗೋಲು ಅವನದ್ದಲ್ಲ.

ಆ ದಿನ ನಡೆದದ್ದು ಹೀಗೆ. 1978ರ ಜುಲೈ, ಉಡುಪಿಯ ಅಜ್ಜರಕಾಡು ಮೈದಾನ, ಕಾರ್ಕಳದವರ ಮೇಲೆ ಫೈನಲ್. ಬೆಳಗಿನಿಂದ ಸುರಿದು ಮೈದಾನ ಗದ್ದೆಯಾಗಿತ್ತು. ಅರ್ಧ ಗಂಟೆಯೊಳಗೆ ಇಪ್ಪತ್ತೆರಡು ಜನರೂ ತಲೆಯಿಂದ ಕಾಲಿನವರೆಗೆ ಒಂದೇ ಕೆಂಪು ಬಣ್ಣ. ಬೆನ್ನಿನ ನಂಬರು ಇರಲಿ, ಯಾವನು ಯಾವ ತಂಡ ಎಂದು ಹೇಳುವುದೇ ಕಷ್ಟವಾಗಿತ್ತು. ಜಲಾಲ್ ಮೂರನೆಯ ನಂಬರಿನ ಲೆಫ್ಟ್ ಬ್ಯಾಕ್. ನಡುಗೆರೆ ದಾಟಬಾರದು ಎಂದು ಮಾಸ್ಟ್ರ ಕಟ್ಟಪ್ಪಣೆ. ಮೂರು ವರ್ಷ ಅವನು ದಾಟಿರಲಿಲ್ಲ. ದಾಟಬೇಕೆಂದು ಅನಿಸಿಯೂ ಇರಲಿಲ್ಲ, ನಿಜ ಹೇಳಬೇಕೆಂದರೆ. ಪಕ್ಕದಲ್ಲಿ ಸುಣ್ಣದ ಗೆರೆ, ಎದುರಿಗೆ ಇಡೀ ಆಟ. ಅಲ್ಲಿ ನಿಂತಾಗ ತಾನು ಯಾರು ಎಂಬುದು ಅವನಿಗೆ ಸ್ಪಷ್ಟವಾಗಿ ಗೊತ್ತಿರುತ್ತಿತ್ತು.

ಕೊನೆಯ ನಿಮಿಷದಲ್ಲಿ ಕಾರ್ನರ್ ಸಿಕ್ಕಿತು. ಗೋಲು ಬೀಳುವುದನ್ನು ಒಮ್ಮೆಯಾದರೂ ಹತ್ತಿರದಿಂದ ನೋಡಬೇಕು ಎಂದು ಅವನಿಗೆ ಅದೇನು ಹುಚ್ಚು ಹತ್ತಿತೋ, ಗೆರೆ ದಾಟಿ ಓಡಿದ. ಗೋಲಿನ ಬಾಯಲ್ಲಿ ಹತ್ತು ಹನ್ನೆರಡು ಜನ ಜಾರಿ ಒಬ್ಬರ ಮೇಲೊಬ್ಬರು ಬಿದ್ದರು. ಅವನೂ ಬಿದ್ದ. ಒಂದು ಮೊಳ ದೂರದಲ್ಲಿ ಪೀಟರ್, ತಂಡದ ಒಂಬತ್ತನೆಯ ನಂಬರು, ಬಿದ್ದಲ್ಲಿಂದಲೇ ಎಡಗಾಲಿನ ಬೆರಳಲ್ಲಿ ಚೆಂಡನ್ನು ಗೆರೆಯಾಚೆ ತಳ್ಳಿದ್ದು ಕಂಡಿತು. ಅದೇ ಗಳಿಗೆಯಲ್ಲಿ ಕಾರ್ಕಳದ ಗೋಲಿ ಪೀಟರನ ಮೊಣಕಾಲಿನ ಮೇಲೆ ಬಿದ್ದ. ತೆಂಗಿನ ಒಣ ಮಡಲು ಮುರಿದ ಹಾಗೆ ಸದ್ದಾಯಿತು. ಜಲಾಲ್ ಎದ್ದು ನಿಂತ, ಎರಡೂ ಕೈ ಮೇಲೆತ್ತಿದ, ಯಾರಾದರೂ ಬನ್ನಿ, ಪೀಟರಣ್ಣನ ಕಾಲು ಹೋಯಿತು ಎಂದು ಕೂಗಿದ.

ಕೂಗು ಯಾರಿಗೂ ಕೇಳಲಿಲ್ಲ. ಕೈ ಎಲ್ಲರಿಗೂ ಕಂಡಿತು.

ಧರ್ಮಪಾಲ ಓಡಿ ಬಂದು ಮೀನಿನ ಬುಟ್ಟಿ ಎತ್ತುವ ಹಾಗೆ ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ರೆಫ್ರಿ ಯಾರು ಹಾಕಿದ್ದೆಂದು ಕೇಳಿದಾಗ ನೂರು ಬಾಯಿ ಜಲಾಲ್ ಎಂದವು. ಪೀಟರನನ್ನು ಮಣಿಪಾಲದ ಆಸ್ಪತ್ರೆಗೆ ಒಯ್ದರು. ಅಷ್ಟರವರೆಗೆ ಜಲಾಲನದೇನೂ ತಪ್ಪಿಲ್ಲ. ಆದರೆ ರಾತ್ರಿಯ ಊಟದ ಹೊತ್ತಿಗೆ ಎಲ್ಲರೂ ಬೆನ್ನು ತಟ್ಟುತ್ತಿದ್ದಾಗ ಒಂದು ಮಾತು ಹೇಳಬಹುದಿತ್ತು. ನಾಳೆ ಹೇಳೋಣ ಎಂದುಕೊಂಡ. ಮರುದಿನ ಪೇಪರಿನಲ್ಲಿ ಹೆಸರು ಬಂತು. ಮರುವಾರ ಮೊಯಿದಿನಬ್ಬ ಬ್ಯಾರಿಯವರು ಕೂಗಿ ಕೂಗಿ ಬಿದ್ದುಹೋದ ದನಿಯಲ್ಲಿಯೇ ಕಾಪುವಿಗೆ ಬಂದು, ನನಗಿರುವುದು ಒಬ್ಬಳೇ ಮಗಳು, ಅಂಥ ಗೋಲು ಹಾಕುವ ಎದೆಗಾರಿಕೆ ಇರುವ ಹುಡುಗ ಬೇಕು ಎಂದು ಉಮ್ಮನ ಹತ್ತಿರ ಹೇಳಿದರು. ಉಮ್ಮ ಸಂತೋಷಕ್ಕೆ ಅತ್ತೇಬಿಟ್ಟರು. ಈಗ ಹೇಳು, ಬಾಯಿ ತೆರೆ ನೋಡುವಾ.

ಮದುವೆಯಾಗಿ ಮದುಮಗ ಹೆಣ್ಣಿನ ಮನೆಯಲ್ಲಿ ಊಟದ ಸಪ್ರಕ್ಕೆ ಕೂತಾಗ ಮಾವ ತಾವೇ ಬಂದು, ಗೋಲು ಹಾಕಿದ ಕಾಲಿಗೆ ಕೋಳಿಯ ಕಾಲು ಎಂದು ಬಡಿಸಿದರು. ಪಂಕ್ತಿಯೆಲ್ಲ ನಕ್ಕಿತು. ಅಂದಿನಿಂದ ಆ ಮನೆಯಲ್ಲಿ ಕೋಳಿ ಮಾಡಿದಾಗಲೆಲ್ಲ ಅದೇ ಮಾತು, ಅದೇ ಕಾಲು. ಮೈದಾನದಲ್ಲಿಯೂ ಅವನನ್ನು ಬಿಡಲಿಲ್ಲ. ಒಂಬತ್ತನೆಯ ನಂಬರು ತೊಡಿಸಿ ಮುಂದೆ ನಿಲ್ಲಿಸಿದರು. ಎದುರಿನವರ ಗೋಲುಕಂಬಕ್ಕೆ ಬೆನ್ನು ಹಾಕಿ ನಿಲ್ಲಬೇಕಾದ ಆ ಜಾಗದಲ್ಲಿ ಅವನಿಗೆ ಯಾವ ದಿಕ್ಕೂ ತೋಚುತ್ತಿರಲಿಲ್ಲ. ಎರಡು ವರ್ಷದಲ್ಲಿ ಒಂದು ಗೋಲೂ ಬೀಳಲಿಲ್ಲ. ಪಾಪ, ಅವನನ್ನು ಮೂರು ಮೂರು ಜನ ಕಾಯುತ್ತಾರೆ ಎಂದು ಊರವರೇ ಸಮಾಧಾನ ಹೇಳಿದರು. ಕೊನೆಗೆ ಅಂಗಡಿಯ ಕೆಲಸದ ನೆಪ ಹೇಳಿ ಬೂಟು ಬಿಚ್ಚಿಟ್ಟ.

ಇನ್ನು ಪೀಟರ್. ಅವನ ಮೊಣಕಾಲು ಮಡಚದೇ ಹೋಯಿತು. ಬಸ್ಸಿನವರು ದಯೆ ತೋರಿಸಿ ಟೈಮ್ ಕೀಪರ್ ಕೆಲಸ ಕೊಟ್ಟರು. ಅಂಗಡಿಯ ಎದುರಿಗೇ, ರಸ್ತೆಯ ಆಚೆ ಬದಿಯಲ್ಲಿ, ಒಂದು ತಗಡಿನ ಮಾಡಿನ ಕೆಳಗೆ ಕುರ್ಚಿ ಹಾಕಿ ಎಡಗಾಲನ್ನು ಸ್ಟೂಲಿನ ಮೇಲೆ ನೀಟಾಗಿ ಚಾಚಿ ಕೂತು, ಉಡುಪಿ ಬಸ್ಸು, ಮಂಗಳೂರು ಬಸ್ಸು, ಶಿರ್ವದ ಬಸ್ಸು ಎಂದು ಸೀಟಿ ಊದಿ ಹೊರಡಿಸುತ್ತಿದ್ದ. ಎಂಟು ವರ್ಷ ಜಲಾಲ್ ತಲೆ ಎತ್ತಿದಾಗಲೆಲ್ಲ ಕಂಡದ್ದು ಆ ಕಾಲು.

ಆ ವಾರ ಮೆಕ್ಸಿಕೋದಿಂದ ಸುದ್ದಿ ಬಂತು. ವಿಶ್ವಕಪ್ಪಿನಲ್ಲಿ ಅರ್ಜೆಂಟೀನಾದ ನಾಯಕ ಇಂಗ್ಲೆಂಡಿನವರ ಮೇಲೆ ಒಂದು ಗೋಲನ್ನು ಕೈಯಲ್ಲಿ ಹಾಕಿದನಂತೆ, ರೆಫ್ರಿಗೆ ಕಾಣಲಿಲ್ಲವಂತೆ. ಅಂಗಡಿಯಲ್ಲಿ ಅದೇ ಚರ್ಚೆ. ಜಗತ್ತಿನ ಸಾರ್ವಕಾಲಿಕ ತಂಡದಲ್ಲಿ ಅವನಿಗೆ ಜಾಗ ಉಂಟೋ ಇಲ್ಲವೋ?

"ಎರಡನೆಯ ಗೋಲು ನೋಡಬೇಕಿತ್ತು ನೀವು," ಎಂದರು ಟಿವಿ ಇದ್ದ ರೇಮಂಡ್ ಮಾಸ್ಟ್ರು. "ಅರ್ಧ ತಂಡವನ್ನೇ ದಾಟಿಕೊಂಡು ಹೋದ."

"ಹತ್ತು ಹಾಕಲಿ," ಎಂದರು ಮೊಯಿದಿನಬ್ಬ ಬ್ಯಾರಿಯವರು. "ತನ್ನದಲ್ಲದ ಒಂದು ಗೋಲನ್ನು ತನ್ನದು ಅಂತ ಇಟ್ಟುಕೊಂಡವನು ನನ್ನ ತಂಡದಲ್ಲಿ ಚೆಂಡು ಹೊರಲಿಕ್ಕೂ ಬೇಡ."

ಜಲಾಲನ ಸೂಜಿ ಬೆರಳಿಗೆ ಚುಚ್ಚಿತು. ಮಾವ ಕಂಡು, ನಿಧಾನ ಮಾರಾಯ ಎಂದರು.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತವನು ಅನ್ನ ಕಲಸುತ್ತ ಹೆಂಡತಿ ರಾಬಿಯಾಳಿಗೆ ಎಲ್ಲ ಹೇಳಿಬಿಟ್ಟ. ಅವಳು ಸಾರಿನ ಸೌಟು ಹಿಡಿದುಕೊಂಡೇ ಕೇಳಿದಳು. ಬೈಯುತ್ತಾಳೆ ಎಂದುಕೊಂಡ. ಅವಳು ಬೈಯಲಿಲ್ಲ.

"ಬಾಪ ಒಂದು ಗೋಲು ನೋಡಿ ನಿಮ್ಮನ್ನು ತಂದರು," ಎಂದಳು. "ನಿಮ್ಮ ಉಮ್ಮ ಒಂದು ಅಂಗಡಿ ನೋಡಿ ಒಪ್ಪಿದರು. ನನ್ನನ್ನು ಯಾರು ನೋಡಿದ್ದಾರೆ ಅಂತ ನಾನು ಕೇಳಿದೆನಾ? ಎಂಟು ವರ್ಷದಿಂದ ನಾನು ಅನ್ನ ಬಡಿಸಿದ್ದು ನಿಮಗೆ, ಗೋಲಿಗಲ್ಲ."

"ಹೇಳಲಾ ಮಾಮನಿಗೆ?"

"ಹೇಳಿದರೆ ಅವರು ಒಂದು ವಾರ ಊಟ ಬಿಡ್ತಾರೆ. ನೀವು ಎಂಟು ವರ್ಷದಿಂದ ಬಿಟ್ಟಿದ್ದೀರಿ." ಸಾರು ಬಡಿಸಿದಳು. "ಅಚ್ಚಾದ ಮೇಲೆ ಹೇಳುವುದಕ್ಕೆ ಬಾಯಿ ಇರುವುದಿಲ್ಲ. ಹೇಳುವುದಾದರೆ ಈವತ್ತೇ ಹೇಳಿ."

ಅವನಿಗೆ ಎಷ್ಟು ಹಗುರಾಯಿತೆಂದರೆ ಎರಡು ಸಲ ಅನ್ನ ಹಾಕಿಸಿಕೊಂಡ. ಅವನಿಗೆ ದೊಡ್ಡದೇನೂ ಬೇಕಿರಲಿಲ್ಲ. ಒಂಬತ್ತರ ಎದುರು ಪೀಟರನ ಹೆಸರು ಬರಬೇಕು. ಮಾವ ಸಿಟ್ಟು ತೀರಿದ ಮೇಲೆ ಒಪ್ಪಿದರೆ, ಆ ಹೆಸರಿಲ್ಲದ ಎಡಗಡೆಯ ಟೊಪ್ಪಿಗೆ ತನ್ನ ಹೆಸರು. ಅದೊಂದು ಜಾಗ ಅವನು ನಿಜವಾಗಿ ಸಂಪಾದಿಸಿದ್ದು.

ಸಂಜೆ ಮೂವರೂ ಕೂತರು. ಟೊಪ್ಪಿಗಳು ನಿಂತವು. ಮಾವ ಎಂದಿನ ಹಾಗೆ ಜಲಾಲನ ಟೊಪ್ಪಿಯನ್ನು ಎಲ್ಲಕ್ಕಿಂತ ಮುಂದೆ ಇಡುವಾಗ ಅವನು ಎದ್ದು ನಿಂತ.

"ಮಾಮ, ಅದು ನಾನಲ್ಲ. ಆ ಗೋಲು ಪೀಟರಣ್ಣನದ್ದು. ನಾನು ಚೆಂಡು ಮುಟ್ಟಲೇ ಇಲ್ಲ. ಕೈ ಎತ್ತಿದ್ದು ಅವರ ಕಾಲು ಮುರಿಯಿತು ಅಂತ ಹೇಳಲಿಕ್ಕೆ."

ಧರ್ಮಪಾಲ ಮೊದಲು ನಕ್ಕ. "ಎಂತ ಹುಡುಗನಪ್ಪ ಇವ. ಹೆಸರು ಅಚ್ಚಾಗ್ತದೆ ಅಂತ ನಾಚಿಕೆಯಾ? ನಾನೇ ಎತ್ತಿದವನು, ನನಗೆ ಗೊತ್ತಿಲ್ವಾ?"

"ನೀವು ಎತ್ತಿದ್ದು ಎದ್ದು ನಿಂತವನನ್ನು ಧರ್ಮಪಾಲಣ್ಣ. ಹಾಕಿದವನು ಕೆಳಗೆ ಬಿದ್ದಿದ್ದ."

ಆಗ ನಗು ನಿಂತಿತು. ಮೊಯಿದಿನಬ್ಬ ಬ್ಯಾರಿಯವರ ಮುಖ ಬಿಳಿಚಿತು. ಬೆರಳಲ್ಲಿದ್ದ ಟೊಪ್ಪಿಯನ್ನು ಇಡಲೂ ಇಲ್ಲ, ಬಿಡಲೂ ಇಲ್ಲ. ಎಂಟು ವರ್ಷ ಊರಿಡೀ ಹೇಳಿಕೊಂಡು ತಿರುಗಿದ ಮಾತು ಅವರದು. ರೇಮಂಡ್ ಮಾಸ್ಟ್ರೇ ಕೊನೆಗೆ ಬಾಯಿ ಬಿಟ್ಟರು.

"ಇದಕ್ಕೆ ಯಾಕೆ ಇಷ್ಟು ಕಷ್ಟ? ಸಾಕ್ಷಿ ಎದುರಿಗೇ ಕೂತಿದ್ದಾನಲ್ಲ. ಕರೆಯಿರಿ."

ಧರ್ಮಪಾಲ ಹೋಗಿ ಕರೆದುಕೊಂಡು ಬಂದ. ಅಂಗಡಿಯ ಮೂರು ಮೆಟ್ಟಿಲನ್ನು ಪೀಟರ್ ಎಂಟು ವರ್ಷದಲ್ಲಿ ಹತ್ತಿದ್ದು ಅದೇ ಮೊದಲು. ಮಡಚದ ಕಾಲನ್ನು ಹೊರಗಿನಿಂದ ಬಳಸಿ ಒಂದೊಂದೇ ಮೆಟ್ಟಿಲಿಗೆ ತಂದ. ಜಲಾಲ್ ಸ್ಟೂಲು ಮುಂದಿಟ್ಟ. ಅವನು ಕೂರಲಿಲ್ಲ.

"ಪೀಟರ್," ಎಂದರು ಬ್ಯಾರಿಯವರು, "ಎಪ್ಪತ್ತೆಂಟರ ಗೋಲು ಯಾರದ್ದು? ನನ್ನ ಮುಖ ನೋಡಬೇಡ. ಇದ್ದದ್ದು ಹೇಳು."

ಪೀಟರ್ ಮೇಜಿನ ಮೇಲಿನ ಟೊಪ್ಪಿಗಳನ್ನು ನೋಡಿದ. ಆಮೇಲೆ ಜಲಾಲನನ್ನು ನೋಡಿದ. ಜಲಾಲ್, ಹೇಳು ಮಾರಾಯ, ದಮ್ಮಯ್ಯ ಹೇಳು ಎಂದು ಮನಸ್ಸಿನಲ್ಲಿ ಬೇಡುತ್ತಿದ್ದ.

"ಜಲಾಲನದ್ದೇ," ಎಂದ ಪೀಟರ್. "ನಾನು ಪಕ್ಕದಲ್ಲಿದ್ದೆ, ನೋಡಿದ್ದೇನೆ. ನನ್ನ ಕಾಲಿಗೆ ಚೆಂಡು ತಾಗಲಿಲ್ಲ."

ಬ್ಯಾರಿಯವರು ಕಣ್ಣು ಮುಚ್ಚಿ ಅಲ್‌ಹಮ್ದುಲಿಲ್ಲಾ ಎಂದರು. ಧರ್ಮಪಾಲ ಜಲಾಲನ ಬೆನ್ನಿಗೆ ಒಂದು ಗುದ್ದು ಕೊಟ್ಟ. "ಒಬ್ಬ ಕುಂಟನ ಮೇಲೆ ಕನಿಕರ ಪಟ್ಟು ತನ್ನ ಗೋಲನ್ನೇ ಕೊಡ್ಲಿಕ್ಕೆ ಹೊರಟನಲ್ಲ ಬ್ಯಾರಿಗಳೇ, ನಿಮ್ಮ ಅಳಿಯ ಚಿನ್ನ."

ಜಲಾಲ್ ಏನೋ ಹೇಳಲು ಹೋದ. ಯಾರೂ ಕೇಳಲಿಲ್ಲ.

"ಆದರೂ ಪೀಟರನಿಗೆ ತಂಡದಲ್ಲಿ ಜಾಗ ಬೇಕು," ಎಂದರು ರೇಮಂಡ್ ಮಾಸ್ಟ್ರು. "ಎಲ್ಲಿ ಹಾಕುವಾ? ಮುಂದೆ ಇಬ್ಬರನ್ನು ನಿಲ್ಲಿಸಿದರೆ ನಡುವೆ ತೆಳುವಾಗ್ತದೆ."

ಪೀಟರ್ ಕೈ ಚಾಚಿ ಎಡಗಡೆ ಹಿಂದಿದ್ದ ಹೆಸರಿಲ್ಲದ ಟೊಪ್ಪಿಯ ಮೇಲೆ ಬೆರಳಿಟ್ಟ.

"ಇಲ್ಲಿಗೆ ಹಾಕಿ ಮಾಸ್ಟ್ರೇ. ಜಲಾಲ್ ಮುಂದೆ ಹೋದ ಮೇಲೆ ಈ ಜಾಗದಲ್ಲಿ ಒಬ್ಬ ನಿಲ್ಬೇಕಲ್ಲ."

ಮಾಸ್ಟ್ರು ಟೊಪ್ಪಿಗಳ ಕಡೆ ನೋಡಿ ತಲೆದೂಗಿದರು. ಎಡಗಾಲಿನ ಆಟಗಾರ, ಹಿಂದಿನಿಂದ ಚೆಂಡು ತಂದುಕೊಡುತ್ತಾನೆ, ಅದೂ ಒಂದು ತಂತ್ರವೇ ಎಂದರು. ತಂತ್ರದ ಮಟ್ಟಿಗೆ ಮೂರು ವಾರದಲ್ಲಿ ಮೂವರೂ ಒಪ್ಪಿದ ಮೊದಲ ಮಾತು ಅದು.

ಪೀಟರ್ ಮೆಟ್ಟಿಲಿಳಿದ. ಮಳೆ ಜೋರಾಗಿತ್ತು. ಜಲಾಲ್ ಕೈಗೆ ಸಿಕ್ಕಿದ ಕೊಡೆ ಹಿಡಿದು ಹಿಂದೆ ಓಡಿ, ರಸ್ತೆ ದಾಟಿಸಿ, ತಗಡಿನ ಮಾಡಿನ ಕೆಳಗೆ ಅವನ ಎದುರು ನಿಂತ.

"ಯಾಕೆ ಸುಳ್ಳು ಹೇಳಿದಿರಿ ಪೀಟರಣ್ಣ? ನಿಮಗೆ ಗೊತ್ತುಂಟು. ನನಗೂ ಗೊತ್ತುಂಟು."

ಪೀಟರ್ ಕುರ್ಚಿಯಲ್ಲಿ ಕೂತು, ಎರಡೂ ಕೈಯಿಂದ ಕಾಲನ್ನು ಎತ್ತಿ ಸ್ಟೂಲಿನ ಮೇಲಿಟ್ಟುಕೊಂಡ.

"ಎಂಟು ವರ್ಷ ಈ ಕಾಲಿಗೆ ನಾನು ಎಂತ ಹೇಳಿಕೊಂಡು ಬಂದಿದ್ದೇನೆ ಗೊತ್ತುಂಟಾ?" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಚೆಂಡು ನಿನಗೆ ತಾಗಲಿಲ್ಲ, ಸುಮ್ಮನೆ ಜಾರಿ ಬಿದ್ದದ್ದು ಅಂತ. ಜಾರಿ ಬಿದ್ದು ಕಾಲು ಹೋಯ್ತು ಅಂದರೆ ತಡಕೊಳ್ಳಬಹುದು. ಗೋಲು ನನ್ನದು ಅಂತ ಆದರೆ, ಆ ಅಂಗಡಿಯಲ್ಲಿ ನಡೆಯುವುದೆಲ್ಲ ನನ್ನ ಗೋಲಿನ ಬಲದಲ್ಲಿ ನಡೆಯುವುದು ಅಂತ ಆಗ್ತದೆ. ದಿನಾ ಈ ಕುರ್ಚಿಯಲ್ಲಿ ಕೂತು ಅದನ್ನೇ ನೋಡಬೇಕು. ಅದು ನನ್ನಿಂದ ಆಗ್ಲಿಕ್ಕಿಲ್ಲ. ನೀನೇ ಇಟ್ಟುಕೊ."

"ನನ್ನಿಂದಲೂ ಆಗುವುದಿಲ್ಲ ಪೀಟರಣ್ಣ."

"ಭಾರವಾಗ್ತದಾ?" ಪೀಟರ್ ವಾಚು ನೋಡಿದ. "ಆಗಲಿ."

ಉಡುಪಿ ಬಸ್ಸು ಬಂದು ನಿಂತಿತು. ಅವನು ಸೀಟಿ ಬಾಯಿಗಿಟ್ಟು ಮುಖ ಆ ಕಡೆ ತಿರುಗಿಸಿದ. ಬಸ್ಸು ಹೊರಟಿತು. ಹತ್ತಿ ಎಲ್ಲಿಗಾದರೂ ಹೋಗಿಬಿಡಲೇ ಎಂದು ಜಲಾಲನಿಗೆ ಅನಿಸಿದ್ದು ನಿಜ. ಆದರೆ ಅವನ ಕೈಯಲ್ಲಿ ಇದ್ದದ್ದು ಯಾರೋ ರಿಪೇರಿಗೆ ಕೊಟ್ಟುಹೋದ ಕೊಡೆ. ಅದನ್ನು ಹಿಂದಕ್ಕೆ ತರಬೇಕಿತ್ತು. ರಸ್ತೆ ದಾಟಿ ಮೂರು ಮೆಟ್ಟಿಲು ಹತ್ತಿದ.

ಒಳಗೆ ರಾಬಿಯಾ ಚಹಾ ತಂದಿಟ್ಟು ಬಾಗಿಲ ಹತ್ತಿರ ನಿಂತಿದ್ದಳು. ಗಂಡನ ಮುಖ ನೋಡಿ ಚಹಾದ ಲೋಟ ಅವನ ಹತ್ತಿರಕ್ಕೆ ಸರಿಸಿದಳು. ಮಾವ ಖುಷಿಯಲ್ಲಿದ್ದರು. ರಾತ್ರಿಗೆ ಕೋಳಿ ಮಾಡು ಎಂದು ಮಗಳಿಗೆ ಹೇಳಿ, ಒಳ್ಳೆಯ ಕಾಗದ ತೆಗೆದು ಅಳಿಯನ ಮುಂದಿಟ್ಟರು. ಉಳಿದ ಜಗಳ ಸಾಕು, ನಾಳೆಯೇ ಪ್ರೆಸ್ಸಿಗೆ ಕೊಡಬೇಕು, ಇವನ ತಲೆ ಮತ್ತೆ ಕೆಡುವ ಮೊದಲು ಎಂದರು.

ಜಲಾಲ್ ಬರೆಯತೊಡಗಿದ. ಒಂದು, ಗೋಲಿ, ಕುಂಞಿ ಮೊಹಮ್ಮದ್. ಎರಡು ಬರೆದ. ಮೂರು, ಲೆಫ್ಟ್ ಬ್ಯಾಕ್ ಎಂದು ಬರೆದಾಗ ಪೆನ್ನು ನಿಂತಿತು. ಆ ಸುಣ್ಣದ ಗೆರೆ, ಎದುರಿನವನ ಸೊಂಟ, ಮೂರು ವರ್ಷ ತಾನು ಕಾಯ್ದುಕೊಂಡಿದ್ದ ಅಷ್ಟಗಲ ಹುಲ್ಲು ಎಲ್ಲ ನೆನಪಿಗೆ ಬಂದವು. ಅದರ ಎದುರು ಪೀಟರ್ ಎಂದು ಬರೆದ. ಇನ್ನು ಅಲ್ಲಿಗೂ ಹಿಂದೆ ಹೋಗುವ ಹಾಗಿರಲಿಲ್ಲ. ನಾಲ್ಕು, ಐದು, ಆರು, ಏಳು, ಎಂಟು ಮುಗಿದವು.

"ಒಂಬತ್ತು ಬರೆಯುವಾಗ," ಎಂದರು ಮಾವ, ಕನ್ನಡಕ ಹಾಕಿಕೊಂಡು ಕಾಗದದ ಮೇಲೆ ಬಾಗಿ, "ಅಕ್ಷರ ಸ್ವಲ್ಪ ದೊಡ್ಡದಾಗಿರಲಿ."

ಅವನು ದೊಡ್ಡದಾಗಿಯೇ ಬರೆದ.